ಕುಂಡದ ಮಣ್ಣಿಗೆ ಮೊದಲು ಬೇಕಾದದ್ದು ಗಾಳಿ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಬೀದಿಗಳಲ್ಲಿ ಮನೆಯ ಮುಂದೆ ಬರಿನೆಲ ಕಾಣಸಿಗುವುದು ಅಪರೂಪ. 30×40 ನಿವೇಶನದ ಮೇಲೆ ಮೂರು ನಾಲ್ಕು ಅಂತಸ್ತು ಎದ್ದ ಬಳಿಕ ಉಳಿಯುವ ಮಣ್ಣೆಂದರೆ ಗೇಟಿನ ಮುಂದಿನ ಹೊಂಗೆಮರದ ಬುಡದಲ್ಲಿರುವ ಮೊಳದಷ್ಟು ಜಾಗ. ಹಾಗಾಗಿ ಇಲ್ಲಿನ ಕೈತೋಟ ತಾರಸಿಗೆ ಹತ್ತಿದೆ, ಬಾಲ್ಕನಿಯ ಕಂಬಿಗೆ ಜೋತುಬಿದ್ದಿದೆ, ಬಿಸಿಲು ಬೀಳುವ ಕಿಟಕಿಯ ಒಳಮೂಲೆಗೂ ಬಂದು ಕೂತಿದೆ. ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರಂಥವರು ವರ್ಷಗಟ್ಟಲೆ ತಾರಸಿ ತೋಟದ ಪಾಠ ಹೇಳಿಕೊಟ್ಟದ್ದರಿಂದ, 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಮೇಳಗಳಿಂದ ಈ ಹವ್ಯಾಸಕ್ಕೆ ಬೆಂಗಳೂರಿನಲ್ಲಿ ಗಟ್ಟಿ ನೆಲೆ ಸಿಕ್ಕಿತು. ಹೊಸದಾಗಿ ಗಿಡ ಬೆಳೆಸಲು ಹೊರಟವರು ಕೇಳುವ ಮೊದಲ ಪ್ರಶ್ನೆ ಇಂದಿಗೂ ಒಂದೇ: ಕುಂಡಕ್ಕೆ ಏನು ತುಂಬಬೇಕು? ಹಳೆಯ ನರ್ಸರಿಯವರು ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಎನ್ನುತ್ತಾರೆ. ಈಚಿನವರು ಮರಳನ್ನು ಬಿಟ್ಟು ಕೊಕೊಪೀಟ್, ಎಂದರೆ ತೆಂಗಿನ ನಾರಿನ ಪುಡಿ, ಸೇರಿಸಿ, ಮೂರನ್ನೂ ಸಮಪಾಲು ಎನ್ನುತ್ತಾರೆ. ಅದರ ಮೇಲೆ ಬೇವಿನ ಹಿಂಡಿ, ಮೂಳೆಪುಡಿ, ಎರೆಗೊಬ್ಬರ, ಜೀವಾಮೃತಗಳ ಪಟ್ಟಿ ಬೆಳೆಯುತ್ತದೆ. ಈ ಚರ್ಚೆಯೆಲ್ಲ ಗೊಬ್ಬರದ ಸುತ್ತಲೇ ಸುತ್ತುತ್ತ ಬಂದಿದೆ. ಸಾವಯವ ಮಿಶ್ರಣವನ್ನು ತೂಗಬೇಕಾದದ್ದು ಅದರೊಳಗಿನ ಪೋಷಕಾಂಶಗಳಿಂದಲ್ಲ, ನೀರು ಬಸಿದ ಮೇಲೆ ಅದರಲ್ಲಿ ಎಷ್ಟು ಗಾಳಿ ಉಳಿಯುತ್ತದೆ ಎಂಬುದರಿಂದ. ಆ ಗಾಳಿಯನ್ನು ಕೊಡುವ ಸಾಮಗ್ರಿಯಲ್ಲಿ ಬಹುಪಾಲು ಈ ಬಡಾವಣೆಗಳಲ್ಲೇ, ಕಸವೆಂಬ ಹೆಸರಿನಲ್ಲಿ, ದಿನವೂ ಹೊರಬೀಳುತ್ತಿದೆ.

ಹೊಲದ ಮಣ್ಣಿಗೂ ಕುಂಡದ ಮಣ್ಣಿಗೂ ಇರುವ ವ್ಯತ್ಯಾಸ ಮಣ್ಣಿನ ಜಾತಿಯದಲ್ಲ, ಆಳದ್ದು. ಹೊಲದಲ್ಲಿ ಬಿದ್ದ ಮಳೆಯನ್ನು ಕೆಳಗಿನ ಪದರಗಳು ಎಳೆದುಕೊಳ್ಳುತ್ತಲೇ ಹೋಗುತ್ತವೆ. ಕುಂಡದಲ್ಲಿ ಮಣ್ಣು ಒಂದಡಿಗೆ ಮುಗಿಯುತ್ತದೆ. ನೀರು ಕೆಳತೂತಿನವರೆಗೆ ಬಂದರೂ ಎಲ್ಲವೂ ಹೊರಗಿಳಿಯುವುದಿಲ್ಲ. ಸಣ್ಣ ರಂಧ್ರಗಳ ಹಿಡಿತದಿಂದ ತಳದಲ್ಲಿ ಒಂದು ಪದರ ಪೂರ್ತಿ ನೆನೆದೇ ನಿಂತಿರುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡವಾಗಿ ಹಿಡಿಯಿರಿ, ತೊಟ್ಟಿಕ್ಕುವುದು ನಿಂತಮೇಲೆ ಉದ್ದಕ್ಕೆ ನಿಲ್ಲಿಸಿ: ಮತ್ತೆ ನೀರು ಸುರಿಯುತ್ತದೆ. ಕುಂಡದಲ್ಲೂ ಹೀಗೆಯೇ: ನೆನೆದ ಪದರದ ಎತ್ತರವನ್ನು ಮಿಶ್ರಣದ ಕಣಗಳ ಗಾತ್ರ ನಿರ್ಧರಿಸುತ್ತದೆ, ಕುಂಡದ ಎತ್ತರವಲ್ಲ. ಕಣ ಸಣ್ಣದಾದಷ್ಟೂ ಈ ಪದರ ದಪ್ಪ. ಕುಂಡ ಗಿಡ್ಡವಾದಷ್ಟೂ ಬೇರಿನ ಪಾಲಿಗೆ ಉಳಿಯುವ ಒಣಜಾಗ ಕಡಿಮೆ. ಸೊಪ್ಪಿನ ಗಿಡ ಹಾಕುವ ಅಗಲ ತಟ್ಟೆಗಳಲ್ಲಿ ಬೇರು ಕೊಳೆಯುವುದು ಹೆಚ್ಚೆಂಬುದಕ್ಕೆ ಕಾರಣ ಇಲ್ಲಿದೆ. ನೀರು ಬಸಿಯಲೆಂದು ತಳಕ್ಕೆ ಜಲ್ಲಿಯ ಪದರ ಹಾಸುವ ಪದ್ಧತಿಯನ್ನೂ ಈ ಬೆಳಕಿನಲ್ಲಿ ನೋಡಬೇಕು. ನುಣುಪು ಮಣ್ಣಿನಿಂದ ಒರಟು ಜಲ್ಲಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ನೆನೆದ ಪದರ ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ, ಬೇರಿನ ಜಾಗ ಇನ್ನಷ್ಟು ಕಿರಿದಾಗುತ್ತದೆ. ತೂತಿನ ಮೇಲೆ ಒಂದು ಮಡಕೆ ಚೂರನ್ನು ಕವುಚುವುದು ಮಣ್ಣು ಹರಿದುಹೋಗದಂತೆ ತಡೆಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಕಲ್ಲಿನಿಂದ ನಿರೀಕ್ಷಿಸಬಾರದು.

ಈಗ ಕೆಮ್ಮಣ್ಣಿನ ಕಡೆ ಬರೋಣ. ಲಾಲ್‌ಬಾಗಿನ ಬಂಡೆಯಲ್ಲಿ ಕಾಣುವ ನೈಸ್ ಶಿಲೆಯೇ ಯುಗಯುಗಗಳ ಕಾಲ ಸವೆದು ಬೆಂಗಳೂರಿನ ಕೆಂಪು ನೆಲವಾಗಿದೆ. ಇದರ ಜೇಡಿಯಲ್ಲಿ ಕಯೊಲಿನೈಟ್ ಹೆಚ್ಚು, ಬಣ್ಣ ಕಬ್ಬಿಣದ ಆಕ್ಸೈಡಿನದು, ಸಾವಯವ ಅಂಶ ಕಡಿಮೆ. ಪೋಷಕಾಂಶವನ್ನು ಹಿಡಿದಿಟ್ಟು ಗಿಡಕ್ಕೆ ಕೊಡುವ ಶಕ್ತಿ ಕಪ್ಪು ಮಣ್ಣಿಗಿಂತ ಬಹಳ ಕಡಿಮೆ. ರಂಜಕವನ್ನಂತೂ ಕಬ್ಬಿಣ ಕಟ್ಟಿಹಾಕಿಬಿಡುತ್ತದೆ. ಹೊಲದಲ್ಲಿ ಇದೇ ಮಣ್ಣು ರಾಗಿಯನ್ನೂ ಅವರೆಯನ್ನೂ ಸೊಗಸಾಗಿ ಬೆಳೆಸುತ್ತದಲ್ಲ ಎಂದು ಕೇಳಬಹುದು. ಹೌದು, ಅಲ್ಲಿ ಬೇರು, ಎರೆಹುಳು, ಗೆದ್ದಲು, ಇರುವೆಗಳು ಅದನ್ನು ಹರಳು ಹರಳಾಗಿ ಕಟ್ಟಿ, ತೂತು ಕೊರೆದು ಇಟ್ಟಿರುತ್ತವೆ. ಗುದ್ದಲಿಯಿಂದ ಅಗೆದು, ಚೀಲಕ್ಕೆ ತುಂಬಿ, ಟೆಂಪೊದಲ್ಲಿ ಕುಲುಕಿ ತಂದು, ಪೈಪಿನ ನೀರು ಬಿಟ್ಟಾಗ ಆ ಕಟ್ಟಡ ಕುಸಿಯುತ್ತದೆ. ಎರಡು ಮಳೆಗೆ ಮೇಲೆ ಹೆಪ್ಪು ಕಟ್ಟುತ್ತದೆ, ಬೇಸಿಗೆಯಲ್ಲಿ ಇಟ್ಟಿಗೆಯಾಗುತ್ತದೆ. ಹೊಸ ಕಟ್ಟಡಗಳ ತಳಮನೆಗೆ ಅಗೆದ ಕೆಂಪು ಮಣ್ಣಂತೂ ಹತ್ತಾರು ಅಡಿ ಆಳದ್ದು. ಅದರಲ್ಲಿ ಜೀವವೂ ಇಲ್ಲ, ಹ್ಯೂಮಸ್ ಕೂಡ ಇಲ್ಲ. ಮೇಲ್ಮಣ್ಣನ್ನೇ ತರಿಸಿದರೆ ಮಾಗಡಿ, ರಾಮನಗರದ ಕಡೆಯ ಯಾರದೋ ಹೊಲದ ಫಲವತ್ತನ್ನು ಲಾರಿಯಲ್ಲಿ ಹೇರಿ ತಂದಂತಾಗುತ್ತದೆ. ನೂರಾರು ವರ್ಷಗಳಲ್ಲಿ ಕಟ್ಟಿಕೊಂಡ ಪದರವನ್ನು ಕಿತ್ತು ತುಂಬಿದ ಕುಂಡಕ್ಕೆ ಸಾವಯವ ಎಂಬ ಹೆಸರು ಹೊಂದುವುದಿಲ್ಲ.

ಮಣ್ಣಿನ ಪಕ್ಷದವರು ಆಗಾಗ ನೆನೆಯುವ ಜಾನ್ ಇನ್ನೆಸ್ ಮಿಶ್ರಣವೂ ಅವರು ಅಂದುಕೊಂಡಷ್ಟು ಅವರ ಪರವಾಗಿಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ಎಂಬಿಬ್ಬರು, ಒಬ್ಬೊಬ್ಬ ತೋಟಿಗನೂ ಒಂದೊಂದು ಗುಟ್ಟಿನ ಪಾಕ ಇಟ್ಟುಕೊಂಡಿದ್ದ ಕಾಲದಲ್ಲಿ, ಎಲ್ಲ ಗಿಡಕ್ಕೂ ಒದಗುವ ಒಂದು ಅಳತೆಯನ್ನು ಪ್ರಯೋಗಗಳಿಂದ ನಿಗದಿ ಮಾಡಿದರು. ಗಾತ್ರದ ಲೆಕ್ಕದಲ್ಲಿ ಏಳು ಪಾಲು ಮಣ್ಣು, ಮೂರು ಪಾಲು ಪೀಟ್ (ಜೌಗುನೆಲದಿಂದ ಅಗೆದ ಅರೆಕೊಳೆತ ಸಸ್ಯಶೇಷ), ಎರಡು ಪಾಲು ದಪ್ಪ ಮರಳು. ಆ ಏಳು ಪಾಲನ್ನು ಇಲ್ಲಿ ಕೆಮ್ಮಣ್ಣು ಎಂದು ಓದಿಕೊಂಡಿದ್ದೇವೆ. ಅವರು ಬಳಸಿದ್ದು ಹುಲ್ಲುಗಾವಲಿನ ಹೆಂಟೆಗಳನ್ನು ಹುಲ್ಲು ಕೆಳಮುಖವಾಗಿ ಒಟ್ಟಿ, ತಿಂಗಳುಗಟ್ಟಲೆ ಕೊಳೆಯಿಸಿ, ನಾರುಬೇರಿನ ಸಮೇತ ಪುಡಿಮಾಡಿದ ಮಣ್ಣು. ಅದರ ಒಳಗೇ ರಂಧ್ರಗಳ ಜಾಲವಿತ್ತು. ಅಂಥ ಮಣ್ಣು ಸಿಗುವುದು ಕಷ್ಟವಾದಾಗಲೇ ಅಮೆರಿಕದಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 1950ರ ದಶಕದಲ್ಲಿ ಮರಳು ಮತ್ತು ಪೀಟಿನ, ಕಾರ್ನೆಲ್ ವಿಶ್ವವಿದ್ಯಾಲಯ 1960ರ ದಶಕದಲ್ಲಿ ಪೀಟ್ ಮತ್ತು ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಮಿಶ್ರಣಗಳತ್ತ ಹೊರಳಿದವು. ಜಗತ್ತಿನ ನರ್ಸರಿಗಳು ಮಣ್ಣನ್ನು ಬಿಟ್ಟದ್ದು ಬೇರಿಗೆ ಉಸಿರಾಡಲು ಜಾಗ ಹುಡುಕಿಕೊಂಡು.

ತಾರಸಿಯ ಮೇಲೆ ಇನ್ನೊಂದು ಲೆಕ್ಕವೂ ಇದೆ, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಭಾರತೀಯ ಮಾನಕವಾದ ಐ.ಎಸ್. 875ರ ಪ್ರಕಾರ ಜನ ಹತ್ತಿ ಓಡಾಡುವ ಚಪ್ಪಟೆ ತಾರಸಿಯನ್ನು ಚದರ ಮೀಟರಿಗೆ 1.5 ಕಿಲೋನ್ಯೂಟನ್, ಎಂದರೆ ಸುಮಾರು 150 ಕಿಲೋ ಹೊರೆಗೆ ವಿನ್ಯಾಸ ಮಾಡಲಾಗುತ್ತದೆ. ನೆನೆದ ಕೆಮ್ಮಣ್ಣು ಲೀಟರಿಗೆ ಸುಮಾರು 1.7 ಕಿಲೋ ತೂಗುತ್ತದೆ. ಒಂದಡಿ ದಪ್ಪಕ್ಕೆ ಮಣ್ಣು ಹಾಸಿ ಪಾತಿ ಮಾಡಿದರೆ ಚದರ ಮೀಟರಿಗೆ 500 ಕಿಲೋ ಮೀರುತ್ತದೆ, ವಿನ್ಯಾಸದ ಹೊರೆಯ ಮೂರು ಪಟ್ಟಿಗೂ ಹೆಚ್ಚು. ಒಂದಡಿ ಅಗಲ, ಒಂದಡಿ ಎತ್ತರದ ಗ್ರೋ ಬ್ಯಾಗಿನಲ್ಲಿ ಹಿಡಿಸುವ 21 ಲೀಟರ್ ಬರಿಮಣ್ಣು ಮಳೆಗಾಲದಲ್ಲಿ 35 ಕಿಲೋ ಆಗುತ್ತದೆ. ಹಗುರ ಮಿಶ್ರಣವಾದರೆ ಅದರ ಅರ್ಧದ ಆಸುಪಾಸು. ರಾಜಾಜಿನಗರ, ವಿಜಯನಗರದ ಹಳೆಯ ಮನೆಗಳ ಮೇಲೆ ಆಮೇಲೆ ಎಬ್ಬಿಸಿದ ಅಂತಸ್ತುಗಳೂ ಇವೆ. ಗೋಡೆ ಮತ್ತು ತೊಲೆಗಳ ನೇರಕ್ಕೆ ಕುಂಡಗಳನ್ನು ಇಡಿ ಎಂಬ ಸಲಹೆ ಸರಿಯೇ. ಮಣ್ಣಿನ ಪಾಲು ತಗ್ಗಿಸುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಹಾಗಾದರೆ ಕೊಕೊಪೀಟನ್ನೇ ತುಂಬಿಬಿಡೋಣವೇ? ತಿಪಟೂರು, ಅರಸೀಕೆರೆಯ ತೆಂಗಿನ ಸೀಮೆ ಹತ್ತಿರವಿರುವ ಬೆಂಗಳೂರಿಗೆ ನಾರಿನ ಪುಡಿ ಸಹಜವಾಗಿಯೇ ಒದಗಿದ ವಸ್ತು. ಜೌಗುನೆಲದ ಇಂಗಾಲವನ್ನು ಅಗೆದು ತೆಗೆಯುವ ವಿದೇಶಿ ಪೀಟಿಗಿಂತ ಇದು ಎಷ್ಟೋ ಮೇಲು. ಐದು ಕಿಲೋ ಇಟ್ಟಿಗೆ ನೆನೆದರೆ 60ರಿಂದ 75 ಲೀಟರಿನಷ್ಟು ಉಬ್ಬುತ್ತದೆ. ಆದರೆ ಹಸಿ ನಾರಿನಪುಡಿಯಲ್ಲಿ ಪೊಟ್ಯಾಶ್, ಸೋಡಿಯಂ, ಕ್ಲೋರೈಡುಗಳ ಉಪ್ಪು ತುಂಬಿರುತ್ತದೆ. ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ನೆನೆಹಾಕಿ ಬಸಿಯದೆ ಬಳಸಿದರೆ ಎಲೆಯಂಚು ಸುಡುತ್ತದೆ. ಜೊತೆಗೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಪೊಟ್ಯಾಶ್ ಬಿಡುವ ಸ್ವಭಾವದ್ದು. ಟೊಮೇಟೊ ಹಣ್ಣಿನ ತಳ ಕಪ್ಪಾಗಿ ಕೊಳೆಯುವ ತೊಂದರೆ ಕುಂಡದಲ್ಲಿ ಕಂಡರೆ ಕ್ಯಾಲ್ಸಿಯಂ ಕೊರತೆಯನ್ನೂ ನೀರಿನ ಏರುಪೇರನ್ನೂ ಮೊದಲು ಶಂಕಿಸಬೇಕು. ಇಂಗಾಲ ಮತ್ತು ಸಾರಜನಕದ ಅನುಪಾತವಂತೂ ಹಸಿ ಪುಡಿಯಲ್ಲಿ ಸುಮಾರು 112:1. ಇಷ್ಟು ಇಂಗಾಲವಿದ್ದರೆ ಸೂಕ್ಷ್ಮಜೀವಿಗಳು ಗಿಡದ ಸಾರಜನಕವನ್ನೇ ಕಿತ್ತುಕೊಳ್ಳುತ್ತವೆ. ಅಣಬೆ ಬಿತ್ತಿ ಕಳಿಯಿಸುವ ವಿಧಾನದಿಂದ ಈ ಅನುಪಾತವನ್ನು 24:1ರ ಹತ್ತಿರಕ್ಕೆ ಇಳಿಸಬಹುದೆಂದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ತೋರಿಸಿಕೊಟ್ಟಿದೆ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಹುದುಗಿಸಿದ ನಾರಿನಪುಡಿಯನ್ನು ‘ಅರ್ಕಾ ಫರ್ಮೆಂಟೆಡ್ ಕೊಕೊಪೀಟ್’ ಎಂಬ ಹೆಸರಿನಲ್ಲಿ ರೂಪಿಸಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಮಣ್ಣಿಲ್ಲದೆ ತರಕಾರಿ ಬೆಳೆಯಬಹುದೆಂದು ಅದೇ ಸಂಸ್ಥೆ ತೋರಿಸಿರುವಾಗ ಕೆಮ್ಮಣ್ಣನ್ನು ಒಂದು ಹಿಡಿಯಾದರೂ ಏಕೆ ಉಳಿಸಿಕೊಳ್ಳಬೇಕು? ಆ ಪದ್ಧತಿಯನ್ನು ಪೂರ್ತಿಯಾಗಿ ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿ ನಾರಿನಪುಡಿಯ ಜೊತೆಗೆ ‘ಅರ್ಕಾ ಸಸ್ಯ ಪೋಷಕ ರಸ’ ಎಂಬ ಸಿದ್ಧ ಪೋಷಕ ದ್ರಾವಣವನ್ನು ಲೆಕ್ಕವಾಗಿ ಕೊಡುತ್ತ ಹೋಗಬೇಕು. ಗಿಡದ ಊಟದ ಹೊಣೆ ಬಾಟಲಿಯ ಮೇಲೆ ಬೀಳುತ್ತದೆ. ಜಾಗ ತೀರಾ ಕಡಿಮೆ ಇರುವವರಿಗೆ ಅದು ಒಳ್ಳೆಯ ದಾರಿಯೇ, ಅದನ್ನು ಹಳಿಯಬೇಕಿಲ್ಲ. ಆದರೆ ಸಾವಯವ ಕ್ರಮದಲ್ಲಿ ಹಿಂಡಿಯನ್ನೂ ಎಲೆಯನ್ನೂ ಗಿಡ ಹೀರುವ ರೂಪಕ್ಕೆ ತರುವವು ಸೂಕ್ಷ್ಮಜೀವಿಗಳು. ಒಳ್ಳೆಯ ಜಾಗದ ನಾಲ್ಕು ಬೊಗಸೆ ಮೇಲ್ಮಣ್ಣು ಅವುಗಳನ್ನು ಹೊತ್ತು ತರುತ್ತದೆ, ಕಬ್ಬಿಣ ಮೊದಲಾದ ಲಘು ಪೋಷಕಾಂಶಗಳನ್ನು ಕೊಡುತ್ತದೆ. ಆಷಾಢದ ಗಾಳಿಗೆ ಮೂರನೇ ಮಹಡಿಯ ಬದನೆಗಿಡ ಕುಂಡ ಸಮೇತ ಉರುಳದಂತೆ ಬುಡಕ್ಕೆ ಒಂದಿಷ್ಟು ಭಾರವೂ ಬೇಕು. ಇಷ್ಟಕ್ಕೆ ನಾಲ್ಕರಲ್ಲಿ ಒಂದು ಪಾಲು ಸಾಕು, ಐದರಲ್ಲಿ ಒಂದಾದರೂ ನಡೆಯುತ್ತದೆ.

ಮಿಶ್ರಣದ ಹೃದಯವಿರುವುದು ಕಳಿತ ಗೊಬ್ಬರದಲ್ಲಿ, ಮತ್ತು ಪಶ್ಚಿಮ ಬೆಂಗಳೂರಿಗೆ ಗೊಬ್ಬರ ಬರಿಯ ತೋಟಗಾರಿಕೆಯ ವಿಷಯವಲ್ಲ. ಮಾವಳ್ಳಿಪುರದ ಕಸದ ಗುಡ್ಡ 2012ರಲ್ಲಿ ಮುಚ್ಚಿತು, ಮಂಡೂರಿನದು ಊರವರ ಹೋರಾಟದ ನಂತರ 2014ರ ಕೊನೆಗೆ ನಿಂತಿತು. ಆಮೇಲೆ ಹಸಿಕಸ ಹರಿದದ್ದು ಕನ್ನಹಳ್ಳಿ, ಸೀಗೇಹಳ್ಳಿ, ಲಿಂಗಧೀರನಹಳ್ಳಿಯಂಥ ಘಟಕಗಳಿಗೆ; ಅಲ್ಲಿನ ನಿವಾಸಿಗಳು ದುರ್ವಾಸನೆಯ ವಿರುದ್ಧ ಬೀದಿಗಿಳಿಯಬೇಕಾಯಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ವಿಂಗಡಣೆಯನ್ನು ಕಡ್ಡಾಯ ಮಾಡಿದ್ದೂ ಈ ಕಸದ ಸಂಕಟದ ನಡುವೆಯೇ. ನಮ್ಮ ಅಡುಗೆಮನೆಯ ಸಿಪ್ಪೆ ಮಾಗಡಿ ರಸ್ತೆಯಾಚೆಯ ಮನೆಯೊಂದರ ಉಸಿರು ಕಟ್ಟಿಸುತ್ತಿರುವಾಗ, ಕುಂಡಕ್ಕೆ ಹಾಕಲು ದೂರದಿಂದ ಗೊಬ್ಬರ ತರಿಸುವುದು ನ್ಯಾಯವಲ್ಲ. ಒಂದು ಮನೆಯಿಂದ ದಿನಕ್ಕೆ ಒಂದು ಕಿಲೋ ಹಸಿಕಸ ಎಂದಿಟ್ಟುಕೊಳ್ಳಿ. ಕಳಿತ ಮೇಲೆ ಐದನೇ ಒಂದು ಭಾಗ ಉಳಿದರೂ ವರ್ಷಕ್ಕೆ 70 ಕಿಲೋದಷ್ಟು ಗೊಬ್ಬರ. ಮೂರನೇ ಒಂದು ಪಾಲಿನ ಲೆಕ್ಕದಲ್ಲಿ ಹದಿನೈದಿಪ್ಪತ್ತು ಗ್ರೋ ಬ್ಯಾಗುಗಳಿಗೆ ಸಾಕು. ವಾಸನೆ, ಹುಳುವಿನ ಹೆದರಿಕೆ ಹೇಳುವವರಿಗೆ 2006ರಿಂದ ಈ ಊರಿನಲ್ಲೇ ಕೆಲಸ ಮಾಡುತ್ತಿರುವ ಸಂಸ್ಥೆಯಾದ ಡೈಲಿ ಡಂಪ್‌ನ ‘ಕಂಬ’ ಎಂಬ ಮಣ್ಣಿನ ಗೊಬ್ಬರ ಮಡಕೆಗಳು ಉತ್ತರ ಕೊಟ್ಟಿವೆ. ಹಸಿಕಸದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಗಾತ್ರದ ಒಣ ಎಲೆ ಸೇರಿಸಿ, ಗಾಳಿಯಾಡಲು ಬಿಟ್ಟರೆ ನಾತ ಬರುವುದಿಲ್ಲ. ನಾತ ಬಂತೆಂದರೆ ಎಲೆ ಸಾಲದು ಎಂದರ್ಥ. ಮನೆಯಲ್ಲಿ ಮಾಡಲಾಗದವರಿಗೆ 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ ಗೊಬ್ಬರವಿದೆ.

ಹಾಗೆಂದು ಗೊಬ್ಬರ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಒಪ್ಪಲಾಗದು. ಗೊಬ್ಬರ ಕಳಿಯುತ್ತಲೇ ಇರುತ್ತದೆ, ಕಳಿತಂತೆ ನುಣುಪಾಗುತ್ತದೆ, ವರ್ಷ ಕಳೆಯುವಷ್ಟರಲ್ಲಿ ಕುಂಡದ ಮಟ್ಟ ನಾಲ್ಕು ಬೆರಳು ಇಳಿದು ತೂತುಗಳೆಲ್ಲ ಮುಚ್ಚಿರುತ್ತವೆ. ಎರೆಗೊಬ್ಬರ ಇನ್ನೂ ನುಣುಪು. ಉಪ್ಪಿನಕಾಯಿ, ಸಾರು, ಹುಳಿ ಬಿದ್ದ ಕಾಂಪೋಸ್ಟಿನಲ್ಲಿ ಉಪ್ಪು ಏರುತ್ತದೆ. ಅರೆಕಳಿತದ್ದಾದರೆ ಅಮೋನಿಯದಿಂದ ಎಳೆಬೇರು ಸುಡುತ್ತದೆ. ಹಿಂಡಿಗಳ ವಿಷಯವೂ ಹೀಗೆಯೇ: ಬೇವು, ಹೊಂಗೆ ಹಿಂಡಿಗಳಲ್ಲಿ ಶೇಕಡ 4ರ ಆಸುಪಾಸು ಸಾರಜನಕವಿದೆ, ಒಂದಡಿಯ ಗ್ರೋ ಬ್ಯಾಗಿಗೆ ಒಂದು ಹಿಡಿ ಸಾಕು, ನಾಲ್ಕು ಹಿಡಿ ಹಾಕಿ ಗಿಡ ಬಾಡಿದಾಗ ಬಿತ್ತನೆಯನ್ನು ದೂರಬಾರದು. ಬೂದಿ, ಸುಣ್ಣದ ಬಗ್ಗೆ ಇಲ್ಲಿನವರು ವಿಶೇಷ ಎಚ್ಚರ ವಹಿಸಬೇಕು. 2024ರ ಮಾರ್ಚಿನ ನೀರಿನ ಬರದಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಬೋರ್‌ವೆಲ್ಲಿನ ಗಡಸು ನೀರೇ ಗತಿಯಾದಾಗ ಕುಂಡ ತಾನಾಗಿಯೇ ಕ್ಷಾರದ ಕಡೆ ವಾಲುತ್ತದೆ, ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರುಳಿಯುತ್ತದೆ. ಕ್ಯಾಲ್ಸಿಯಂ ಬೇಕೆಂದರೆ ಜಿಪ್ಸಂ ಹಾಕಿ, ಸುಣ್ಣ ಬೇಡ.

ಕೆರೆಗೋಡಿನ ಮಾತನ್ನೂ ಇಲ್ಲೇ ಆಡಬೇಕು. ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆದು ಹೊಲಕ್ಕೆ ಹಾಕುವುದು ನಮ್ಮ ರೈತರ ಅನುಭವದಲ್ಲಿ ಮಾಗಿದ ಪದ್ಧತಿ, ಅದರ ಬಗ್ಗೆ ಗೌರವವಿದೆ. ಅದೇ ನಂಬಿಕೆಯಿಂದ ನಗರದ ಕೆರೆಯ, ರಾಜಕಾಲುವೆಯ ಹೂಳನ್ನು ತಂದು ಸೊಪ್ಪು ಬೆಳೆಯುವುದು ಅಪಾಯ. ವೃಷಭಾವತಿ ಪೀಣ್ಯ, ರಾಜಾಜಿನಗರದ ಕೈಗಾರಿಕೆಗಳ ತ್ಯಾಜ್ಯವನ್ನೂ ಮನೆಗಳ ಕೊಳಚೆಯನ್ನೂ ಹೊತ್ತು ಮೈಸೂರು ರಸ್ತೆಯ ಉದ್ದಕ್ಕೆ ಕೆಂಗೇರಿ ದಾಟಿ ಬೈರಮಂಗಲದ ಜಲಾಶಯ ಸೇರುತ್ತದೆ. ಆ ನೀರು ಉಂಡ ನೆಲದಲ್ಲೂ ತರಕಾರಿಯಲ್ಲೂ ಭಾರಲೋಹಗಳು ಇರುವುದನ್ನು ಸಂಶೋಧಕರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಸೀಸ, ಕ್ಯಾಡ್ಮಿಯಂ ಕೊಳೆಯುವ ವಸ್ತುಗಳಲ್ಲ. ಎಷ್ಟು ಜೀವಾಮೃತ ಸುರಿದರೂ ಅವು ಮಾಯವಾಗವು. ಕೊಳ್ಳುವ ನಗರ ಗೊಬ್ಬರಕ್ಕೆ ರಸಗೊಬ್ಬರ ನಿಯಂತ್ರಣ ಆದೇಶ ಕಿಲೋಗೆ 100 ಮಿಲಿಗ್ರಾಂ ಸೀಸ, 5 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬ ಮಿತಿ ಹಾಕಿದೆ. ಚೀಲದ ಮೇಲೆ ವಿಶ್ಲೇಷಣೆಯ ವಿವರವಿಲ್ಲದ ಗೊಬ್ಬರವನ್ನು ಹೂಗಿಡಕ್ಕೆ ಬಿಡಿ, ಸೊಪ್ಪಿಗೆ ಬೇಡ.

ಇಷ್ಟನ್ನೆಲ್ಲ ತೂಗಿ ನೋಡಿದಾಗ ಈ ಭಾಗದ ತಾರಸಿಗೆ ಹೊಂದುವ ಅಳತೆ ಹೀಗೆ ನಿಲ್ಲುತ್ತದೆ: ಹತ್ತು ಬಾಂಡಲಿ ಮಿಶ್ರಣದಲ್ಲಿ ಎರಡು ಬಾಂಡಲಿ ಜರಡಿ ಹಿಡಿದ ಕೆಮ್ಮಣ್ಣು, ಮೂರು ತೊಳೆದ ನಾರಿನಪುಡಿ, ಮೂರು ಚೆನ್ನಾಗಿ ಕಳಿತ ಎಲೆ ಮತ್ತು ಹಸಿಕಸದ ಗೊಬ್ಬರ, ಉಳಿದ ಎರಡು ಬೇಗ ಕೊಳೆಯದ ಒರಟು ವಸ್ತು. ಒರಟಿಗೆ ದುಬಾರಿ ಪರ್ಲೈಟ್ ತರಬೇಕಿಲ್ಲ. ಸುಟ್ಟ ಭತ್ತದ ಹೊಟ್ಟು, ಇದ್ದಿಲ ಚೂರು, ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ ಜರಡಿಯಾಡಿದ ಇಟ್ಟಿಗೆ ಚೂರು ಅದೇ ಕೆಲಸ ಮಾಡುತ್ತವೆ. ಎಂ-ಸ್ಯಾಂಡ್ ಬೇಡ, ಅದರ ಕಲ್ಲುಪುಡಿ ರಂಧ್ರಗಳನ್ನು ತುಂಬಿಬಿಡುತ್ತದೆ. ಬೆರೆಸಿ, ತೇವ ಮಾಡಿ, ಎರಡು ಮೂರು ವಾರ ನೆರಳಿನಲ್ಲಿ ಮುಚ್ಚಿಟ್ಟ ಮೇಲೆ ಗಿಡ ನೆಡಬೇಕು. ಈ ಅಳತೆಯನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ತಳಕ್ಕೆ ತೂತುಗಳಿರುವ ಬಕೆಟ್ಟಿನ ತೂತು ಮುಚ್ಚಿ, ಐದು ಲೀಟರ್ ಮಿಶ್ರಣ ತುಂಬಿ, ಮೇಲೆ ನೀರು ಕಾಣುವವರೆಗೆ ನಿಧಾನವಾಗಿ ಹಾಕಿ ಒಂದು ಗಂಟೆ ಬಿಡಿ. ತೂತು ತೆರೆದು, ಇಳಿದ ನೀರನ್ನು ಅಳೆಯಿರಿ. ಆ ನೀರು ಇದ್ದ ಜಾಗವೇ ಬೇರಿಗೆ ಸಿಗುವ ಗಾಳಿ. ಅರ್ಧ ಲೀಟರಿಗಿಂತ ಕಡಿಮೆ ಬಂದರೆ ಸೆಪ್ಟೆಂಬರಿನ ಮಳೆಯಲ್ಲಿ ಬೇರು ಕೊಳೆಯುವ ಸಂಭವ ಹೆಚ್ಚು, ಒರಟು ವಸ್ತು ಇನ್ನಷ್ಟು ಸೇರಿಸಿ. ಒಂದು ಲೀಟರ್ ಮೀರಿದರೆ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆರಡು ಸಲ ನೀರು ಬೇಡುತ್ತದೆ, ನಾರಿನಪುಡಿ ಹೆಚ್ಚಿಸಿ.

ಕೆಲಸಕ್ಕೆ ಹೋಗಿಬರುವವರಿಗೆ ಇಷ್ಟು ಪುರುಸೊತ್ತು ಎಲ್ಲಿದೆ, ಸಿದ್ಧ ಮಿಶ್ರಣದ ಚೀಲ ಕೊಂಡರೆ ಆಗದೇ ಎಂಬ ಮಾತು ಕೊನೆಗೆ ಬರುತ್ತದೆ. ಮೊದಲ ವರ್ಷ ಕೊಳ್ಳಿ, ತಪ್ಪಿಲ್ಲ. ಆದರೆ ಪ್ರತಿ ಬೆಳೆಗೂ ಹಳೆಯದನ್ನು ಚೆಲ್ಲಿ ಹೊಸ ಚೀಲ ತರುವ ರೂಢಿ ದುಬಾರಿ ಮಾತ್ರವಲ್ಲ, ಅನಗತ್ಯ ಕೂಡ. ಹಳೆಯ ಮಿಶ್ರಣವನ್ನು ಹರವಿ ಬಿಸಿಲು ತೋರಿಸಿ, ಬೇರಿನ ಜಡೆ ತೆಗೆದು, ಇಳಿದಷ್ಟು ಮಟ್ಟಕ್ಕೆ ಎಲೆಗೊಬ್ಬರವನ್ನೂ ಒಂದು ಹಿಡಿ ಹಿಂಡಿಯನ್ನೂ ಕೂಡಿಸಿದರೆ ಅದು ಮತ್ತೆ ಸಿದ್ಧ; ಒರಟು ಚೂರುಗಳು ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ವರ್ಷಕ್ಕೊಮ್ಮೆ ಬೇಕಾಗುವುದು ಎಲೆ. ಅದು ಬೀದಿಯಲ್ಲೇ ಇದೆ. ಮಾಘ, ಫಾಲ್ಗುಣದ ಹೊತ್ತಿಗೆ ಹೊಂಗೆ, ಮಳೆಮರಗಳು ಉದುರಿಸುವ ತರಗೆಲೆಯನ್ನು ಪೌರಕಾರ್ಮಿಕರು ಬೆಳಗ್ಗೆ ಗುಡಿಸಿ ಒಟ್ಟುತ್ತಾರೆ. ಎಷ್ಟೋ ಕಡೆ ಆ ರಾಶಿಗೆ ಸಂಜೆಯೊಳಗೆ ಬೆಂಕಿ ಬೀಳುತ್ತದೆ. ಈ ಸಲ ನಿಮ್ಮ ಬೀದಿಯ ರಾಶಿಗೆ ಯಾರೂ ಕಡ್ಡಿ ಗೀರದಂತೆ ನೋಡಿಕೊಳ್ಳಿ. ಎರಡು ಗೋಣಿಚೀಲ ತುಂಬಿ ತಾರಸಿಗೆ ಒಯ್ಯಿರಿ, ನೀರು ಚಿಮುಕಿಸಿ ಮೂಲೆಯಲ್ಲಿ ಕಟ್ಟಿಡಿ.